ನನ್ನ ನೆಗೆಣ್ಣಿ ಮತ್ತು ಕಡಿಮೆಯಾಗುತ್ತಿದ್ದ ಆಯಿಲ್

ಹೋದ ವಾರ ಮುಧೋಳದಲ್ಲಿ ತವರಿನವರ ಮದುವೆಯೊಂದನ್ನು ಮುಗಿಸಿಕೊಂಡು ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬಸ್‌ಸ್ಟ್ಯಾಂಡಿನ ಹೊರಗೆ, ಚಹಾದಂಗಡಿಯ ಪಕ್ಕದಲ್ಲಿ, ಒಂದು ಪಿಕಪ್ ಬಾನೆಟ್ ತೆರೆದುಕೊಂಡು ನಿಂತಿತ್ತು. ಆಗಷ್ಟೇ ಎಂಜಿನ್ ಬಂದ್ ಮಾಡಿದ್ದರೇನೋ, ಕಾದ ಆಯಿಲ್ಲಿನ ವಾಸನೆ ಚಹಾದ ವಾಸನೆಯನ್ನೂ ಮೀರಿ ಬರುತ್ತಿತ್ತು. ಡ್ರೈವರ್ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದ, ಒಮ್ಮೆ ನೋಡಿದ, ಹಾಗೇ ಒಳಗೆ ತುರುಕಿ ಡಬ್ಬಿಯಿಂದ ಒಂದಿಷ್ಟು ಆಯಿಲ್ ಸುರಿದ. ಕಡ್ಡಿಯನ್ನು ಒರೆಸಲಿಲ್ಲ. ಎಂಜಿನ್ ಆರುವವರೆಗೆ ಕಾಯಲಿಲ್ಲ. ಗಾಡಿಯ ಒಂದು ಪಕ್ಕ ಗಟಾರದ ಕಡೆಗೆ ವಾಲಿದ್ದನ್ನೂ ನೋಡಲಿಲ್ಲ.

ನನ್ನ ಬಾಯಿತುದಿಗೆ ಒಂದು ಮಾತು ಬಂದಿತ್ತು... ಮದುವೆಯ ಸೀರೆ ಉಟ್ಟು ಎಲೆಯಡಿಕೆಯ ಚೀಲ ಹಿಡಿದು ನಿಂತ ಹೆಂಗಸು ಅಂಥ ಮಾತಾಡಿದರೆ ಅವನೇನು ಅಂದುಕೊಂಡಾನು ಎಂದು ಸುಮ್ಮನಾದೆ. ಅಷ್ಟರಲ್ಲಿ ಬಸ್ಸು ಬಂತು. ಬನಹಟ್ಟಿ ತಲುಪುವವರೆಗೂ ನನ್ನ ಪಕ್ಕದಲ್ಲಿ ಅಕ್ಕ ಕೂತಿದ್ದಂತೆಯೇ ಇತ್ತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ; ಅವರಿಗೆ ವೈನಿ, ನನಗೆ ನೆಗೆಣ್ಣಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳು ಬಂದು ಕೆಲವು ವರ್ಷಗಳಾಗಿದ್ದವು. ಬನಹಟ್ಟಿಯ ನಮ್ಮ ಮನೆಯ ಮುಂಭಾಗದಲ್ಲಿ ಮಗ್ಗಗಳು, ಹಿಂಭಾಗದಲ್ಲಿ ನಾವು. ಮಗ್ಗಗಳ ಸದ್ದಿನಲ್ಲಿ ಮಾತಾಡಿಕೊಳ್ಳಬೇಕೆಂದರೆ ಕಿವಿಯ ಹತ್ತಿರ ಬಾಯಿ ತರಬೇಕು. ಹಾಗೆ ಕಿವಿಯಲ್ಲಿ ಮಾತಾಡುತ್ತಲೇ ನಾವಿಬ್ಬರೂ ಹತ್ತಿರವಾದೆವು ಅನ್ನಿಸುತ್ತದೆ. ಮಗ್ಗಗಳ ಜವಾಬ್ದಾರಿ ನನ್ನ ಗಂಡನದು. ನೇಯ್ದ ಸೀರೆಗಳನ್ನು ಜಮಖಂಡಿ, ಮುಧೋಳ, ಬೀಳಗಿಯ ಅಂಗಡಿಗಳಿಗೆ ಮುಟ್ಟಿಸುವುದು, ಬರುವಾಗ ನೂಲು ತರುವುದು ಭಾವನವರದು. ಅದಕ್ಕೆಂದೇ ಒಂದು ಪಿಕಪ್ ಇತ್ತು.

ಭಾವನವರು ಆ ಗಾಡಿಯನ್ನು ನೋಡಿಕೊಳ್ಳುತ್ತಿದ್ದ ರೀತಿಯನ್ನು ನಮ್ಮ ಓಣಿಯೆಲ್ಲ ಆಡಿಕೊಳ್ಳುತ್ತಿತ್ತು. ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿದ ಮೇಲೆ ಗಾಡಿಯ ಗಾಜು ಒರೆಸುವುದು, ಆಮೇಲೆಯೇ ಚಹಾ. ಆಯಿಲ್ ಬದಲಿಸುವುದು, ಫಿಲ್ಟರ್ ಹಾಕುವುದು ಎಲ್ಲ ಅವರ ಕೈಯಿಂದಲೇ. ಅಂಗಳದಲ್ಲಿ ಒಂದು ಹನಿ ಆಯಿಲ್ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಆ ಮಾತನ್ನು ನಮ್ಮ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಅಂಥವರು ಒಂದು ಜ್ವರಕ್ಕೆ ಹೋಗಿಬಿಟ್ಟರು. ಹಾಸಿಗೆ ಹಿಡಿಯುವ ಮುನ್ನಾದಿನವೂ ಗಾಡಿಯ ಕೆಳಗೆ ಮಲಗಿ ಏನೋ ಕೆಲಸ ಮಾಡುತ್ತಿದ್ದರು. ಜ್ವರ ಏರುತ್ತಲೇ ಹೋಯಿತು. ಜಮಖಂಡಿಯಲ್ಲಿ ತೋರಿಸಿದೆವು, ಮಿರಜಕ್ಕೂ ಒಯ್ದೆವು. ಅಲ್ಲಿಂದ ಅವರು ಮಾತಾಡುತ್ತ ಮರಳಿ ಬರಲಿಲ್ಲ.

ಅಕ್ಕನಿಗೆ ಮಕ್ಕಳಿರಲಿಲ್ಲ. ದಿನಕರ್ಮಗಳೆಲ್ಲ ಮುಗಿದ ಮೇಲೆ ಅವಳ ಅಣ್ಣಂದಿರು ತುಬಚಿಯಿಂದ ಬಂದು, ಒಂದಿಷ್ಟು ದಿನ ತವರಿಗೆ ಕರೆದೊಯ್ಯುತ್ತೇವೆ ಎಂದರು. ಎಷ್ಟು ದಿನ ಎಂದು ಅವರೂ ಹೇಳಲಿಲ್ಲ, ನಮ್ಮವರೂ ಕೇಳಲಿಲ್ಲ. ಅಕ್ಕನೇ ಬರುವುದಿಲ್ಲ ಎಂದಳು. ಸೀರೆಗಳು ಕಟ್ಟಿಟ್ಟಲ್ಲೇ ಇವೆ, ಗಾಡಿ ನಾನು ಓಡಿಸುತ್ತೇನೆ ಎಂದಳು. ಮನೆಯಲ್ಲಿ ಎಲ್ಲರೂ ಅವಳ ಮುಖ ನೋಡಿದರು. ಆದರೆ ಅದು ಹುಡುಗಾಟದ ಮಾತಾಗಿರಲಿಲ್ಲ. ಮದುವೆಗೆ ಮುಂಚೆ ಅವಳು ಹೊಳೆದಂಡೆಯ ಹೊಲದಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿದವಳು. ಜಮಖಂಡಿಗೆ ಹೋಗಿ ಲೈಸನ್ಸ್ ಮಾಡಿಸಿಕೊಂಡು ಬಂದಳು. ನನ್ನ ಗಂಡನಿಗೆ ಮಗ್ಗ ಬಿಟ್ಟು ಏಳುವಂತಿರಲಿಲ್ಲ, ಬೇರೆ ಡ್ರೈವರ್ ಇಡುವ ಮನಸ್ಸು ಅತ್ತೆಗಿರಲಿಲ್ಲ. ಹೀಗೆ ಆ ಪಿಕಪ್ ಅಕ್ಕನ ಕೈಗೆ ಬಂತು.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಸ್ಟೀರಿಂಗ್ ಹಿಡಿದು ಕೂತರೆ ಬೆನ್ನು ನೆಟ್ಟಗಿರುತ್ತಿತ್ತು. ಗಂಡ ಹೋದ ಮೇಲೆ ಬಗ್ಗಿದ್ದ ಕತ್ತು ಆ ಸೀಟಿನಲ್ಲಿ ಮಾತ್ರ ಎದ್ದು ನಿಲ್ಲುತ್ತಿತ್ತು. ಮೊದಮೊದಲು ಅಂಗಡಿಗಳ ಮುಂದೆ ಜನ ನಿಂತು ನೋಡುತ್ತಿದ್ದರಂತೆ. ಆಮೇಲೆ ಅದೂ ರೂಢಿಯಾಯಿತು.

ತೊಂದರೆ ಶುರುವಾದದ್ದು ಆಮೇಲೆ. ಒಂದು ದಿನ ಜಮಖಂಡಿ ರಸ್ತೆಯಲ್ಲಿ ಆಯಿಲ್ಲಿನ ಕೆಂಪು ದೀಪ ಹತ್ತಿತು. ಅಕ್ಕ ತಕ್ಷಣ ಗಾಡಿ ನಿಲ್ಲಿಸಿ, ಆಯಿಲ್ ತರಿಸಿ ಹಾಕಿಕೊಂಡು ಬಂದಳು. ಅಂದಿನಿಂದ ನನ್ನ ಗಂಡ ಸಂಜೆ ಗಾಡಿ ಬಂದು ನಿಂತ ಕೂಡಲೇ ಕಡ್ಡಿ ಎಳೆದು ನೋಡತೊಡಗಿದರು. ನೋಡಿದಾಗಲೆಲ್ಲ ಕಡಿಮೆ. ಕಡಿಮೆ ಕಂಡಾಗಲೆಲ್ಲ ಸುರಿದರು. ಕೆಲವೇ ದಿನಗಳಲ್ಲಿ ಗಾಡಿ ಹಿಂದಿನಿಂದ ನೀಲಿ ಹೊಗೆ ಬಿಡಲು ಹತ್ತಿತು. ನಮ್ಮ ಓಣಿಯ ಕೊನೆಯಲ್ಲಿದ್ದ ಮಿಸ್ತ್ರಿಯನ್ನು ಕರೆಸಿದರು. ಅವನು ಹೊಗೆ ನೋಡಿದ, ಆಯಿಲ್ ಎಷ್ಟು ಹೋಗುತ್ತಿದೆ ಎಂದು ಕೇಳಿದ. ಎಂಜಿನ್ನಿನ ಒಳಗಿನ ರಿಂಗ್‌ಗಳು ಸವೆದಿವೆ, ಆಯಿಲ್ ಒಳಗೇ ಸುಡುತ್ತಿದೆ, ಪೂರ್ತಿ ಬಿಚ್ಚಬೇಕಾಗುತ್ತದೆ ಎಂದ. ಅವನು ನೋಡಿದ ಮಟ್ಟಿಗೆ ಅದು ಸರಿಯೇ ಆಗಿತ್ತು.

ಆ ಸಂಜೆ ನನ್ನ ಗಂಡ ಜಗಲಿಯ ಮೇಲೆ ಕೂತು ಅತ್ತೆಗೆ ಹೇಳಿದರು:

"ಟ್ರ್ಯಾಕ್ಟರ್ ಹೊಡದಂಗ ಪಿಕಪ್ ಹೊಡದ್ರ ಇನ್ನೇನಾಕ್ಕೈತಿ? ಅಣ್ಣ ಮಕ್ಕಳಂಗ ಸಾಕಿದ ಗಾಡೀನ ವೈನಿ ನೋಡನೋಡತ ಹಾಳ ಮಾಡಿಬಿಟ್ರು."

ಅಕ್ಕ ಒಲೆಯ ಮುಂದಿದ್ದಳು. ತಿರುಗಿ ನೋಡಲಿಲ್ಲ. ಚಹಾ ಸೋಸಿ ಬಟ್ಟಲನ್ನು ತಂದು ಮೈದುನನ ಮುಂದಿಟ್ಟು ಒಳಗೆ ಹೋದಳು. ಅತ್ತೆ ಬಹಳ ಹೊತ್ತು ಕಣ್ಣೊರೆಸಿಕೊಂಡರು. ಅವರಿಗೆ ಗಾಡಿಯ ಚಿಂತೆಗಿಂತ ಹೆಚ್ಚಾಗಿ, ಮಗ ಬಿಟ್ಟುಹೋದದ್ದೊಂದು ಕೈಜಾರುತ್ತಿದೆ ಎಂಬ ಸಂಕಟ. ಗಾಡಿಯನ್ನು ಮಾರುವುದೆಂದು ಮಾತಾಯಿತು. ಬೀಳಗಿಯ ಕಡೆಯ ಯಾರೋ ಅಮಾವಾಸ್ಯೆ ಕಳೆದ ಮೇಲೆ ನೋಡಲು ಬರುವವರಿದ್ದರು.

ಮರುದಿನ ಬೆಳಿಗ್ಗೆ ಅಕ್ಕ ನನ್ನನ್ನು ಕರೆದಳು. ಒಂದು ತಾಟು, ತಂಬಿಗೆಯಲ್ಲಿ ನೀರು, ಹಳೆಯ ಧೋತರದ ಚೂರು ತೆಗೆದುಕೊಂಡು ಬಾ ಎಂದಳು. ಗಾಡಿಯನ್ನು ಶಾಲೆಯ ಮುಂದಿನ ಬಯಲಿಗೆ ಒಯ್ದು ನಿಲ್ಲಿಸಿದಳು. ತಾಟನ್ನು ಗಾಡಿಯ ಹಿಂಭಾಗದಲ್ಲಿಟ್ಟು ಅಂಚಿನವರೆಗೆ ನೀರು ಹಾಕಿದಳು. ನೀರು ಒಂದು ಕಡೆ ಚೆಲ್ಲಿತು. ಗಾಡಿಯನ್ನು ಸ್ವಲ್ಪ ಸರಿಸಿ ಮತ್ತೆ ಹಾಕಿದಳು. ನೀರು ಎಲ್ಲ ಕಡೆ ಒಂದೇ ಸಮ ನಿಲ್ಲುವ ಜಾಗ ಸಿಕ್ಕ ಮೇಲೆ ಎಂಜಿನ್ ಬಂದ್ ಮಾಡಿ, "ಕೂಡು ತಂಗಿ, ಆಯಿಲ್ ಕೆಳಗ ಇಳೀಲಿ" ಎಂದಳು. ನಾವು ಬೇವಿನ ನೆರಳಿನಲ್ಲಿ ಕೂತೆವು. ಶಾಲೆಯ ಮಕ್ಕಳು ಪ್ರಾರ್ಥನೆ ಮುಗಿಸಿ ಒಳಗೆ ಹೋದರು.

ಆಮೇಲೆ ಅವಳು ಕಡ್ಡಿ ಎಳೆದು ಒರೆಸಿ, ಮತ್ತೆ ಪೂರ್ತಿ ಒಳಗೆ ಬಿಟ್ಟು, ಎರಡನೇ ಸಲ ಎಳೆದು ನನಗೆ ತೋರಿಸಿದಳು. ಕಡ್ಡಿಯ ತುದಿಯಲ್ಲಿ ಎರಡು ಗೆರೆಗಳಿರುತ್ತವೆ. ಆಯಿಲ್ ಅವೆರಡರ ನಡುವೆ ಇರಬೇಕು. ಅದು ಮೇಲಿನ ಗೆರೆಯನ್ನೂ ದಾಟಿ ಬಹಳ ಮೇಲಿತ್ತು. ನನ್ನ ಗಂಡ ಅವಸರದಲ್ಲಿ ನೋಡಿ ಸುರಿದದ್ದೆಲ್ಲ ಅಲ್ಲಿತ್ತು. ಎಂಜಿನ್ ಈಗಷ್ಟೇ ನಿಂತಿರುವಾಗ ಅರ್ಧ ಆಯಿಲ್ ಮೇಲೆಯೇ ಅಂಟಿಕೊಂಡಿರುತ್ತದೆ; ಕಡ್ಡಿ ಸುಳ್ಳು ಹೇಳುತ್ತದೆ. ನಮ್ಮ ಅಂಗಳವೂ ಗಟಾರದ ಕಡೆಗೆ ಇಳಿಜಾರು. ಹೊಗೆ ಬಂದದ್ದು ಆಯಿಲ್ ಅತಿಯಾಗಿದ್ದಕ್ಕೆ. ಅಕ್ಕ ಕೆಳಗಿನ ಬೋಲ್ಟ್ ಸಡಿಲಿಸಿ ಹೆಚ್ಚಿನದನ್ನು ಬೋಗುಣಿಗೆ ಇಳಿಸಿದಳು. ಮುಧೋಳಕ್ಕೆ ಹೋಗಿ ಬರುವಷ್ಟರಲ್ಲಿ ಹೊಗೆ ನಿಂತಿತ್ತು.

ಆದರೆ ಆಯಿಲ್ ಕಡಿಮೆಯಾಗುವುದು ನಿಲ್ಲಲಿಲ್ಲ. ಇನ್ನು ಆಯಿಲ್ ನಾನೇ ನೋಡುತ್ತೇನೆ ಎಂದು ಅಕ್ಕ ಮೈದುನನಿಗೆ ಹೇಳಿದಳು. ಪ್ರತಿದಿನ ಬೆಳಿಗ್ಗೆ ಅದೇ ಬಯಲಿನಲ್ಲಿ ಅಳೆದೆವು. ದಿನವೂ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತಿತ್ತು. ಸೀರೆ ಡಬ್ಬಿಗಳ ರಟ್ಟು ಬಿಚ್ಚಿ ಗಾಡಿಯ ಕೆಳಗೆ ಹಾಸಿದೆವು. ಬೆಳಗಾದರೆ ರಟ್ಟು ಒಣಗಿಯೇ ಇರುತ್ತಿತ್ತು. ರೇಡಿಯೇಟರ್ ತೆರೆದು ನೋಡಿದಳು, ನೀರಿನ ಮೇಲೆ ಎಣ್ಣೆಯ ಪದರ ಇರಲಿಲ್ಲ. ಕಡ್ಡಿಯ ಮೇಲಿನ ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿರಲಿಲ್ಲ. ಅಕ್ಕ ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತನಗೇ ಹೇಳಿಕೊಳ್ಳುವಂತೆ ಹೇಳಿದಳು:

"ಒಳಗ ಸುಡವಲ್ದು. ನೀರಾಗ ಕೂಡವಲ್ದು. ನಿಂತಾಗ ಸೋರವಲ್ದು. ಅಂದ್ರ ಓಡೂಮುಂದ ಎಲ್ಲೋ ಹೊರಗ ಹೋಗಾಕತ್ತೈತಿ."

ಎಲ್ಲಿ ಎಂದು ಕಾಣುವುದು ಹೇಗೆ? ವರ್ಷಗಟ್ಟಲೆ ಕಬ್ಬಿನ ಗಾಡಿಗಳ ಹಿಂದೆ ಓಡಾಡಿ, ಎಂಜಿನ್ನಿನ ಕೆಳಭಾಗವೆಲ್ಲ ಧೂಳು ಜಿಡ್ಡು ಕೂಡಿ ಕರ್ರಗಾಗಿತ್ತು. ನಾವಿಬ್ಬರೂ ಒಂದು ಮಧ್ಯಾಹ್ನ ಸೀಮೆಎಣ್ಣೆ, ಸೋಪಿನ ಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದೆವು. ನನ್ನ ಬಳೆಗಳೆಲ್ಲ ಕಪ್ಪಾದವು. ಎಲ್ಲ ಒಣಗಿದ ಮೇಲೆ ಅಕ್ಕ, ಮೇಲೆ ಉದುರಿಸಲು ಏನಾದರೂ ಬಿಳಿ ಪುಡಿ ಬೇಕು, ಎಲ್ಲಿ ಹಸಿಯಾಗುತ್ತದೋ ಅಲ್ಲಿ ಗೊತ್ತಾಗುತ್ತದೆ ಎಂದಳು. ಜೋಳದ ಹಿಟ್ಟನ್ನು ಗಾಡಿಗೆ ಚೆಲ್ಲಿದರೆ ಅತ್ತೆ ಸುಮ್ಮನಿರುವುದಿಲ್ಲ. ಪಂಚಮಿಗೆ ತವರಿಗೆ ಹೋದಾಗ ಅಣ್ಣ ಕೊಡಿಸಿದ್ದ ಪೌಡರ್ ಡಬ್ಬಿ ನನ್ನ ಟ್ರಂಕಿನಲ್ಲಿತ್ತು. ತಂದುಕೊಟ್ಟೆ. ಅವಳು ಬೇಡ ಬೇಡ ಎನ್ನುತ್ತಲೇ ಈಸಿಕೊಂಡು ಅಷ್ಟನ್ನೂ ಉದುರಿಸಿದಳು. ಮಲ್ಲಿಗೆಯ ವಾಸನೆ ಬೀರುತ್ತ ಎಂಜಿನ್ ಬೆಳ್ಳಗೆ ನಿಂತಿತು. ಭಾವನವರು ಹೋದ ಮೇಲೆ ಅಕ್ಕ ಮೊದಲ ಸಲ ನಕ್ಕದ್ದನ್ನು ನಾನು ಅಂದು ನೋಡಿದೆ. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ನಿಂತು ನೀರಷ್ಟೇ ಉಳಿಯಿತು...

ಮರುದಿನ ಜಮಖಂಡಿಗೆ ಸೀರೆ ಕೊಡುವುದಿತ್ತು. ನಾನೂ ಜೊತೆಗೆ ಹೋದೆ. ಅಂಗಡಿಯ ಕೆಲಸ ಮುಗಿದ ಮೇಲೆ, ಇನ್ನೊಂದಿಷ್ಟು ಓಡಲಿ ಎಂದು ಅಕ್ಕ ಗಾಡಿಯನ್ನು ಚಿಕ್ಕಪಡಸಲಗಿಯ ಬ್ಯಾರೇಜಿನವರೆಗೂ ಓಡಿಸಿದಳು. ಸಪಾಟು ಜಾಗ ನೋಡಿ ನಿಲ್ಲಿಸಿ ಬಾನೆಟ್ ಎತ್ತಿದಳು. ಎಲ್ಲೆಲ್ಲೂ ಪೌಡರ್ ಬೆಳ್ಳಗೇ ಇತ್ತು. ಒಂದು ಪಕ್ಕದಲ್ಲಿ, ಆಯಿಲ್ ಫಿಲ್ಟರ್ ಎಂಜಿನ್ನಿಗೆ ಕೂಡುವಲ್ಲಿ, ಕೂದಲೆಳೆಯಂಥ ಒಂದು ಕಪ್ಪು ಗೆರೆ. ಗಾಳಿಗೆ ಅದು ಹಿಂದಕ್ಕೆ ಹರಡಿ, ಕೆಳಗಿನ ಕಬ್ಬಿಣಕ್ಕೆಲ್ಲ ತೆಳ್ಳಗೆ ಹತ್ತಿತ್ತು. ಗಾಡಿ ಓಡುವಾಗ ಮಾತ್ರ ಆಯಿಲ್ ಒತ್ತಡಕ್ಕೆ ಹೊರಬರುತ್ತಿತ್ತು. ನಿಂತರೆ ನಿಂತುಬಿಡುತ್ತಿತ್ತು.

ಅಕ್ಕ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ನಾವು ಹೊಳೆಯ ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿದೆವು. ಗಾಡಿ ಮಾರಿದರೆ ಏನು ಮಾಡುತ್ತೀ ಎಂದು ನಾನು ಅದುವರೆಗೆ ಕೇಳಿರಲಿಲ್ಲ. ಅಂದು ಕೇಳಿದೆ.

"ತುಬಚಿಗೆ ಹೋಗ್ಬೇಕಾಕ್ಕೈತಿ" ಎಂದಳು. "ಅಣ್ಣಗೋಳು ಬ್ಯಾಡ ಅನ್ನೂದಿಲ್ಲ, ಛಲೋ ನೋಡ್ಕೋತಾರ. ಆದ್ರ ಅಲ್ಲಿ ನಾ ಬಂದು ಉಳದಾಕಿ. ಇಲ್ಲಿ ಈ ಮನಿಯಾಕಿ."

ನಾನು ಮುರಿದ ರೊಟ್ಟಿಯನ್ನು ಬುತ್ತಿಯಲ್ಲೇ ಮರಳಿ ಇಟ್ಟೆ. ಅವಳೇ ನನ್ನ ಬೆನ್ನು ಸವರಿ ನೀರು ಕೊಟ್ಟಳು.

ಬರುವಾಗ ಹೊಸ ಫಿಲ್ಟರ್, ಹೊಸ ಆಯಿಲ್ ತಂದೆವು. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅಕ್ಕ ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಮಲಗಿದಳು. ಹೊಸ್ತಿಲ ಹತ್ತಿರ ಅತ್ತೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ನನ್ನ ಗಂಡ ಮಗ್ಗದ ಮನೆಯಲ್ಲಿದ್ದರು. ಅಕ್ಕ ಹಳೆಯ ಆಯಿಲ್ ಇಳಿಸಿ, ಫಿಲ್ಟರಿಗೆ ಬಟ್ಟೆ ಸುತ್ತಿ ತಿರುವಿದಳು. ಕೈಗೆ ಬಂತು. ಅದರ ಬಾಯಿಗೆ ಇರಬೇಕಾದ ರಬ್ಬರ್ ವಾಸರ್ ಅದರ ಬಾಯಲ್ಲೇ ಇತ್ತು. ಅವಳು ಮೇಲೆ, ಎಂಜಿನ್ನಿನ ಕಡೆ ಬೆರಳು ಹಾಕಿ ಸವರಿದಳು. ಬೆರಳು ನಿಂತಿತು. ಉಗುರಿನಿಂದ ಕಿತ್ತಳು. ಇನ್ನೊಂದು ರಬ್ಬರ್ ಬಂತು, ಚಪ್ಪಟೆಯಾಗಿ, ಗಟ್ಟಿಯಾಗಿ.

ನನಗೆ ಮೊದಲು ತಿಳಿಯಲಿಲ್ಲ. ಅವಳು ಎರಡನ್ನೂ ಅಂಗೈ ಮೇಲಿಟ್ಟು ತೋರಿಸಿದಳು. ಹಿಂದಿನ ಸಲ ಫಿಲ್ಟರ್ ಬದಲಿಸಿದಾಗ ಹಳೆಯ ರಬ್ಬರ್ ಎಂಜಿನ್ನಿಗೆ ಅಂಟಿಕೊಂಡು ಉಳಿದಿತ್ತು. ಅದನ್ನು ನೋಡದೆ ಅದರ ಮೇಲೆಯೇ ಹೊಸದನ್ನು ಕೂರಿಸಿದ್ದರು. ಒಂದರ ಮೇಲೊಂದು ಕೂತ ರಬ್ಬರು ಜಾರಿ, ಎಡೆ ಬಿಟ್ಟು, ಆಯಿಲ್ ಹೊರಬರುತ್ತಿತ್ತು. ಹಿಂದಿನ ಸಲ ಬದಲಿಸಿದವರು ಯಾರು ಎಂದು ನಮ್ಮಿಬ್ಬರಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಅದು ಭಾವನವರು ಗಾಡಿಗೆ ಮಾಡಿದ ಕೊನೆಯ ಕೆಲಸ. ಆಮೇಲೆ ಅವರು ಆ ಗಾಡಿಯನ್ನು ರಸ್ತೆಗೆ ಇಳಿಸಲೇ ಇಲ್ಲ.

"ಅವತ್ತ ಮೈ ಕಾದಿತ್ತು ಅವರದು" ಎಂದು ಅಕ್ಕ ಪಿಸುಗುಟ್ಟಿದಳು. "ಮಲಕೋರಿ ಅಂದ್ನಿ. ಇದೊಂದು ಮುಗಿಸಿ ಬರ್ತೇನಿ ಅಂದ್ರು. ಒಳಗ ಬಂದು ಬಾಗಲಾ ಹಿಡದು ನಿಂತ್ರು..."

ಅವಳು ಗಾಡಿಯ ಕೆಳಗೆ ಆ ಎರಡು ರಬ್ಬರುಗಳನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದಳು. ನಾನು ಪಕ್ಕದಲ್ಲಿ ನೆಲಕ್ಕೆ ಕೆನ್ನೆ ಹಚ್ಚಿ ಅವಳನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಮಗ್ಗದ ಸದ್ದು ನಿಂತು ನನ್ನ ಗಂಡ ಹೊರಗೆ ಬಂದರು. ಏನು ಸಿಕ್ಕಿತು ಎಂದು ಕೇಳಿದರು. ನನ್ನ ಬಾಯಿ ತೆರೆದಿತ್ತು. ಟ್ರ್ಯಾಕ್ಟರ್ ಹೊಡೆದಂತೆ ಹೊಡೆದದ್ದಕ್ಕೆ ಅಲ್ಲ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅಕ್ಕ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ರಬ್ಬರ್ ವಾಸರ್ ಹಳೇದಾಗಿತ್ರಿ" ಎಂದಳು ಕೆಳಗಿನಿಂದಲೇ. "ಅಲ್ಲಿಂದ ಹೋಗಾಕತ್ತಿತ್ತು. ಬದಲ ಮಾಡಾಕತ್ತೇನಿ. ಎಂಜಿನ್ ಛಲೋ ಐತಿ."

ಹೊಸ್ತಿಲಿನಿಂದ ಅತ್ತೆ, ತಮ್ಮ ಮಗ ಇದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಬರೀ ನೆನಪಿತ್ತು. ಅಕ್ಕ ಹೊರಗೆ ಸರಿದು ಎದ್ದು ಕೂತಳು. ಹಣೆಯ ಮೇಲೆಲ್ಲ ಆಯಿಲ್.

"ಖರೇ ಐತ್ರಿ ಅತ್ತಿ" ಎಂದಳು. "ಅವರ ಕೈಯಾಗಿನ ಕೆಲಸ ಬ್ಯಾರೇನ ಇತ್ತು."

ಅತ್ತೆಯ ಮುಖ ಅರಳಿದ್ದು ನನಗೆ ಇನ್ನೂ ಕಾಣುತ್ತದೆ. ಮೊರ ಕೆಳಗಿಟ್ಟು, ಒಳಗೆ ಹೋಗಿ ಅಕ್ಕನಿಗೆ ಕೈ ತೊಳೆಯಲು ಬಿಸಿನೀರು ತಂದುಕೊಟ್ಟರು. ಸೊಸೆಗೆ ಅವರು ನೀರು ತಂದುಕೊಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಿತ್ತಲಲ್ಲಿ ಇಬ್ಬರೇ ಇದ್ದಾಗ ನಾನು ಜಗಳವಾಡಿದೆ. ನಿನ್ನ ಮೇಲೆ ಬಂದ ಮಾತನ್ನು ನೀನೇ ಯಾಕೆ ಹೊತ್ತುಕೊಂಡೆ ಎಂದೆ. ಅಕ್ಕ ಬೆರಳ ಸಂದಿಯ ಕಪ್ಪನ್ನು ಉಜ್ಜುತ್ತ, "ನನ್ನ ಮ್ಯಾಲ ಬಂದ ಮಾತು ನಾ ಗಾಡಿ ಹೊಡದು ಕಳಕೋತೇನಿ ತಂಗಿ. ಅವರ ಮ್ಯಾಲ ಬಂದ್ರ ಕಳಕೊಳ್ಳಾಕ ಅವರೆಲ್ಲಿ ಅದಾರ?" ಎಂದಳು. ಮತ್ತೆ ನಾನು ಆ ಮಾತೆತ್ತಲಿಲ್ಲ.

ಬೀಳಗಿಯವರಿಗೆ ಬರಬೇಡಿ ಎಂದು ಹೇಳಿ ಕಳಿಸಿದರು. ಅಕ್ಕ ಅದೇ ಪಿಕಪ್ಪನ್ನು ಬಹಳ ವರ್ಷ ಓಡಿಸಿದಳು. ನನ್ನ ಮಗಳು ಹುಟ್ಟುವಾಗ ಜಮಖಂಡಿಯ ಆಸ್ಪತ್ರೆಗೆ ಒಯ್ದವಳೂ ಅವಳೇ. ದಾರಿಯುದ್ದಕ್ಕೂ ಒಂದೊಂದು ಗುಂಡಿಗೂ ಬ್ರೇಕ್ ಹಾಕುತ್ತ, ನನಗೆ ನೋವಾದಾಗಲೆಲ್ಲ ರಸ್ತೆ ಮಾಡಿದವರನ್ನು ಬೈಯುತ್ತ ಒಯ್ದಳು. ನನ್ನ ಮಗಳು ಮೊದಲು ಆಡಿದ ಮಾತುಗಳಲ್ಲಿ "ದೊಡವ್ವ" ಎಂಬುದೂ ಒಂದು. ಮುಂಜಾನೆ ಬಾನೆಟ್ ಎತ್ತಿದರೆ ಆ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕಡ್ಡಿ ಒರೆಸುತ್ತಿದ್ದಳು. ಅತ್ತೆಗೆ ಕೊನೆಗಾಲದಲ್ಲಿ ಕಣ್ಣು ಮಂಜಾದಾಗ, ಗಾಡಿ ಓಣಿಯ ತಿರುವಿಗೆ ಬಂದ ಸದ್ದಿಗೇ ಎದ್ದು ಕೂತು, ಚಹಾಕ್ಕಿಡು, ದೊಡ್ಡ ಸೊಸೆ ಬಂದಳು ಎನ್ನುತ್ತಿದ್ದರು. ಮಗನ ಕೈಗೆಲಸದ ಬಗ್ಗೆ ಹೆಮ್ಮೆಪಡುತ್ತಲೇ ಅವರು ಕಣ್ಣು ಮುಚ್ಚಿದರು.

ಅಕ್ಕನಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲು ಜೋಮು ಹಿಡಿಯತೊಡಗಿದಾಗ, ಬ್ರೇಕ್ ತುಳಿದದ್ದು ಗೊತ್ತಾಗುತ್ತಿಲ್ಲ ಎಂದು ಅವಳಾಗಿಯೇ ಕೀಲಿಕೈಯನ್ನು ತಂದು ಮೈದುನನ ಕೈಗಿಟ್ಟಳು. ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಅವಳು ಹೋದದ್ದು ಎರಡು ವರ್ಷದ ಹಿಂದೆ, ಚಳಿಗಾಲದ ಒಂದು ಮುಂಜಾನೆ, ಬಿಸಿಲಿಗೆ ಮೈ ಕಾಯಿಸಿಕೊಳ್ಳಲು ಅಂಗಳದಲ್ಲಿ ಕೂತವಳು ಕೂತಂತೆಯೇ... ಅವಳ ಮಣ್ಣಿಗೆ ಬೀಳಗಿಯಿಂದಲೂ ಅಂಗಡಿಯವರು ಬಂದಿದ್ದರು. ಈಗ ಸೀರೆ ಒಯ್ಯಲು ಟ್ರಾನ್ಸ್‌ಪೋರ್ಟಿನ ಗಾಡಿಯೇ ಬಾಗಿಲಿಗೆ ಬರುತ್ತದೆ.

ಮುಧೋಳದಿಂದ ಬಂದ ಆ ಮಧ್ಯಾಹ್ನ ಬನಹಟ್ಟಿಯಲ್ಲಿ ಕರೆಂಟ್ ಇರಲಿಲ್ಲ. ಮಗ್ಗಗಳು ನಿಂತಿದ್ದವು. ನನ್ನ ಗಂಡ ಮಗ್ಗದ ಪಕ್ಕದ ಸ್ಟೂಲಿನ ಮೇಲೆ ಕೂತು ನೂಲಿನ ಎಳೆ ಗಂಟು ಹಾಕುತ್ತಿದ್ದರು. ಬಸ್‌ಸ್ಟ್ಯಾಂಡಿನ ಡ್ರೈವರನ ವಿಷಯ ಹೇಳುತ್ತ ಹೇಳುತ್ತ, ನಾನು ಆ ಎರಡು ರಬ್ಬರಿನ ವಿಷಯವನ್ನೂ ಹೇಳಿಬಿಟ್ಟೆ. ಯಾಕೆ ಹೇಳಿದೆನೋ. ಇನ್ನು ನೋಯುವವರು ಯಾರಿದ್ದಾರೆ ಅನ್ನಿಸಿತೇನೋ.

ಅವರ ಕೈ ಎಳೆಯ ಮೇಲೆಯೇ ನಿಂತಿತು. ಆಮೇಲೆ ಕೇಳಿದರು:

"ಅವತ್ತ ಜಗಲಿ ಮ್ಯಾಲ ನಾ ಆಡಿದ್ದು ವೈನಿಗೆ ಕೇಳಿಸಿತ್ತೇನ?"

"ಕೇಳಿಸಿತ್ತರಿ" ಎಂದೆ.

"ಒಂದ ದಿನಾನೂ ಮಾರಿ ಸಣ್ಣ ಮಾಡಲಿಲ್ಲ. ದಿನಾ ನನಗ ಮೊದಲ ಚಾ ಕೊಟ್ರು." ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ಆದರೆ ಅದನ್ನು ಕೇಳಿಸಿಕೊಳ್ಳಬೇಕಾದವಳು ನಾನಾಗಿರಲಿಲ್ಲ. ಅವರು ತಲೆ ತಗ್ಗಿಸಿದರು. ನಾನು ಪಕ್ಕದಲ್ಲಿ, ನೂಲಿನ ಮೂಟೆಗಳ ಮೇಲೆಯೇ ಕೂತೆ.

ಕರೆಂಟ್ ಬಂತು. ಎಡಬಲದ ಮನೆಗಳಲ್ಲಿ ಮಗ್ಗಗಳು ಒಂದೊಂದಾಗಿ ಶುರುವಾದವು. ನಮ್ಮವು ಮಾತ್ರ ಇನ್ನೂ ಸ್ವಲ್ಪ ಹೊತ್ತು ಸುಮ್ಮನಿದ್ದವು.